ಒದ್ದೆ ಬುಡದ ಸಮಜಾಯಿಷಿ

ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಕೊಟ್ಟ ಕಾಫಿ ಆರಿಹೋದರೂ ಕುಡಿಯದೆ ಲೋಟ ಹಿಡಿದು ಕೂತಿದ್ದಳು. ಮೇಲಧಿಕಾರಿ ಅವಳಿಗೆ ಮೆಮೊ ಕೊಟ್ಟಿದ್ದರಂತೆ. ಏನು ಉತ್ತರ ಬರೆಯಲಿ ಮೇಡಂ ಎಂದು ಕೇಳಿದಳು. "ಇರೋದನ್ನ ಇದ್ದ ಹಾಗೆ ಬರಿ" ಎಂದು ಹೇಳಿ ಕಳಿಸಿದೆ. ಅವಳು ಬಸ್ಸು ಹತ್ತಿದ ಮೇಲೆ ನನಗೆ ನನ್ನ ಮಾತಿನ ಮೇಲೇ ಬೇಸರವಾಯಿತು. ಇರುವುದೇನು ಎಂಬುದು ಗೊತ್ತಿದ್ದರೆ ತಾನೆ ಇದ್ದ ಹಾಗೆ ಬರೆಯುವುದು? ನನಗೆ ಬಂದ ಒಂದು ಮೆಮೊದಲ್ಲಿ ಇದ್ದದ್ದೇನು, ಅದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿ, ಸನ್ಮಾನಗಳ ಪಟ್ಟಿ ಇದರಲ್ಲಿಲ್ಲ. ಅವು ಯಾರಿಗೂ ಉಪಯೋಗಕ್ಕೆ ಬರುವಂಥವಲ್ಲ.

ನಮ್ಮದು ಹುಳಿಯಾರಿನ ಕಡೆಯ ಒಂದು ಹಟ್ಟಿ, ಕುರಿ ಸಾಕುವ ಮನೆ. ಆ ಹಟ್ಟಿಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನೇ, ಗಂಡಸರನ್ನೂ ಸೇರಿಸಿ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ತಿಪಟೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದೆ. ಹಾಸ್ಟೆಲಿನಲ್ಲಿ ಎರಡು ಜೊತೆ ಬಟ್ಟೆಯಲ್ಲಿ ಮೂರು ವರ್ಷ ಕಳೆದೆ. ಪಾಸಾದ ಮೇಲೆ ಐದು ವರ್ಷ ಅರ್ಜಿ ಹಾಕಿ, ಆರನೆಯ ವರ್ಷ ತೋಟಗಾರಿಕೆ ಸಹಾಯಕಿಯ ಕೆಲಸ ಸಿಕ್ಕಿತು. ಚಿಕ್ಕನಾಯಕನಹಳ್ಳಿ ಸೀಮೆಯ ಒಂದು ಹೋಬಳಿಗೆ ಹಾಕಿದರು. ಎರಡು ವರ್ಷ ಪ್ರೊಬೇಷನ್. ಆ ಅವಧಿಯ ಕೆಲಸ ತೃಪ್ತಿಕರ ಎಂದು ಮೇಲಧಿಕಾರಿ ಬರೆದರೆ ಉಳಿದೆವು, ಬರೆಯದಿದ್ದರೆ ಮನೆಗೆ.

ನನ್ನ ಪ್ರೊಬೇಷನ್ ಮುಗಿಯಲು ಐದು ತಿಂಗಳಿತ್ತು, ಆಗ ತೆಂಗಿಗೆ ನುಸಿ ಬಂತು.

ಈಗಿನವರಿಗೆ ನುಸಿ ಎಂದರೆ ಪುಸ್ತಕದ ಪಾಠ. ಆಗ ಅದು ಗಾಳಿಯಲ್ಲೇ ಬಂದ ಹಾಗಿತ್ತು. ಎಳೆಗಾಯಿಯ ತೊಟ್ಟಿನ ಕೆಳಗೆ ಬಿಳಿ ಮಚ್ಚೆ ಬೀಳುತ್ತಿತ್ತು. ಕಾಯಿ ಬಲಿಯುವ ಹೊತ್ತಿಗೆ ಅದು ಸುಟ್ಟ ಗಾಯದಂತೆ ಕಂದಾಗಿ, ಸಿಪ್ಪೆ ಬಿರಿದು, ಕಾಯಿ ಸೊಟ್ಟಗೆ ಸಣ್ಣಗೆ ಉಳಿಯುತ್ತಿತ್ತು. ಅಟ್ಟದಲ್ಲಿ ವರ್ಷವಿಡೀ ಒಣಗಿಸಿ ಸುಲಿದರೆ ಒಳಗಿನ ಕೊಬ್ಬರಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ತಿಪಟೂರು ಮಾರುಕಟ್ಟೆಗೆ ಹೋದವರು ಮುಖ ಸಣ್ಣ ಮಾಡಿಕೊಂಡು ವಾಪಸ್ ಬರುತ್ತಿದ್ದರು. ಹುಳ ಕಣ್ಣಿಗೆ ಕಾಣುವುದಿಲ್ಲ. ನಾನು ಸ್ವಂತ ಖರ್ಚಿನಲ್ಲಿ ಒಂದು ಭೂತಗನ್ನಡಿ ಕೊಂಡು ಹಳ್ಳಿ ಹಳ್ಳಿಯಲ್ಲಿ ತೋರಿಸುತ್ತಿದ್ದೆ. ಒಬ್ಬ ಮುದುಕಪ್ಪ ಬಹಳ ಹೊತ್ತು ನೋಡಿ, "ಥೂ, ಇದ್ಕಾ ನಮ್ ಮರ ಹೆದ್ರಿರಾದು?" ಎಂದು ಗಾಜನ್ನು ಹಿಂದಕ್ಕೆ ಕೊಟ್ಟಿದ್ದ.

ಮೇಲಿನಿಂದ ಆದೇಶ ಬಂತು: ಆರು ವಾರದಲ್ಲಿ ಇಡೀ ತಾಲ್ಲೂಕಿನ ರೋಗ ಬಿದ್ದ ಮರಗಳಿಗೆಲ್ಲ ಬೇರಿನ ಮೂಲಕ ಔಷಧ ಕೊಡಬೇಕು. ಕೆಲಸ ಹೀಗೆ. ಮರದ ಬುಡದಿಂದ ಎರಡು ಮೊಳ ದೂರ ಅಗೆದು, ಪೆನ್ಸಿಲ್ ದಪ್ಪದ, ಕೆಂಪಗಿನ ಜೀವಂತ ಬೇರು ಹುಡುಕಬೇಕು. ಅದನ್ನು ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿ, ಔಷಧ ತುಂಬಿದ ಸಣ್ಣ ಪ್ಲಾಸ್ಟಿಕ್ ಪೊಟ್ಟಣದೊಳಗೆ ತುದಿಯನ್ನು ಇಳಿಸಿ, ದಾರ ಕಟ್ಟಿ, ಮೇಲೆ ಮಣ್ಣು ಮುಚ್ಚಬೇಕು. ಮಾರನೆಯ ದಿನ ಕೆದಕಿ ನೋಡಿದರೆ ಪೊಟ್ಟಣ ಖಾಲಿಯಾಗಿರಬೇಕು. ಆಮೇಲೆ ಒಂದೂವರೆ ತಿಂಗಳು ಆ ಮರದ ಎಳನೀರನ್ನಾಗಲಿ ಕಾಯನ್ನಾಗಲಿ ಯಾರೂ ಮುಟ್ಟುವಂತಿಲ್ಲ.

ನಮ್ಮ ಅಧಿಕಾರಿ ವೀರಭದ್ರಯ್ಯನವರು. ಡಿಪ್ಲೊಮಾ ಮಾತ್ರ ಓದಿ, ಮೂವತ್ತು ವರ್ಷ ತೋಟ ಸುತ್ತಿ ಮೇಲೆ ಬಂದವರು. ಅವರು ಡಿಗ್ರಿ ಮಾಡಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಯಾವಾಗಲೂ ಇತ್ತು. ಬಾಯಲ್ಲಿ ಹೇಳಿದ್ದಿಲ್ಲ. ಆದರೆ ಮುಖ ಇರುತ್ತದಲ್ಲ, ಅದು ಹೇಳಿರಬಹುದು.

ಹತ್ತು ದಿನಕ್ಕೆ ಮೊದಲ ಪ್ರಗತಿ ಪರಿಶೀಲನೆ ಸಭೆ. ನನ್ನ ಮರಗಳ ಸಂಖ್ಯೆ ಎಲ್ಲರಿಗಿಂತ ಕಡಿಮೆ. ಕಾರಣವಿತ್ತು. ನಡುಬೇಸಿಗೆ, ಮಣ್ಣು ಕಬ್ಬಿಣ. ಸರಿಯಾದ ಬೇರು ಸಿಗುವವರೆಗೆ ನಾನು ಬಿಡುತ್ತಿರಲಿಲ್ಲ. ಕೂಲಿಯವರನ್ನು ನಂಬದೆ ಎಲ್ಲ ಬೇರನ್ನೂ ನಾನೇ ಕತ್ತರಿಸುತ್ತಿದ್ದೆ. ಸೋಮವಾರ ಅರ್ಧಕ್ಕರ್ಧ ಹಳ್ಳಿಗಳಲ್ಲಿ ಬಸವನ ವಾರವೆಂದು ನೇಗಿಲು ಹೂಡುವುದಿಲ್ಲ, ಭೂಮಿಗೆ ಗುದ್ದಲಿಯನ್ನೂ ಹಾಕುವುದಿಲ್ಲ. ನಮ್ಮ ಹಟ್ಟಿಯಲ್ಲೂ ಹಾಗೇ ಇದ್ದದ್ದರಿಂದ ನಾನು ವಾದಕ್ಕೆ ಹೋಗಲಿಲ್ಲ. ಒಂದು ತೋಟದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ಕೂಡಿಹಾಕಿದ್ದರು. ಕುರಿ ಮಣ್ಣು ಕೆರೆದು ವಿಷಕ್ಕೆ ಬಾಯಿ ಹಾಕಿಬಿಟ್ಟಾವೆಂದು ವಾರ ಬಿಟ್ಟು ಬರುತ್ತೇನೆಂದು ಹೇಳಿದೆ. ಆ ಮಂದೆಯವನು ದೂರದ ಸಂಬಂಧಿ. "ಓದುದ್ ಮೇಲೂ ಕುರಿ ಚಿಂತೆ ಬುಡ್ಲಿಲ್ವಲ್ಲವ್ವ ನಿಂಗೆ" ಎಂದು ನಕ್ಕ.

ಇದನ್ನೆಲ್ಲ ಹೇಳಬೇಕೆಂದು ಎದ್ದು ನಿಂತೆ. ವೀರಭದ್ರಯ್ಯನವರು ಹೇಳಲು ಬಿಡಲಿಲ್ಲ.

"ಮಾಳಮ್ಮನೋರೆ, ನೀವು ಮರಕ್ಕೆ ಔಷಧ ಕೊಡ್ತಿದ್ದೀರೋ, ಒಂದೊಂದು ಮರದ ಜಾತಕ ಬರೀತಿದ್ದೀರೋ?"

ಇಡೀ ಕೋಣೆ ನಕ್ಕಿತು. ನನ್ನ ಪಕ್ಕದ ಹೋಬಳಿಯ ಗಂಗಾಧರ ಎಲ್ಲರಿಗಿಂತ ಜೋರಾಗಿ ನಕ್ಕ. ಅವನದು ಅತಿ ಹೆಚ್ಚು ಸಂಖ್ಯೆ. ಅವನು ಸೋಮವಾರದ ಲೆಕ್ಕವನ್ನು ಭಾನುವಾರವೇ ಬರೆದಿಡುತ್ತಿದ್ದ ಎಂಬುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳಬೇಕಿತ್ತೋ ಏನೋ.

ಬಸ್ಸಿನಲ್ಲಿ ವಾಪಸ್ ಬರುವಾಗ ಆ ನಗೆಯನ್ನೇ ನೆನೆದುಕೊಂಡು ಬಂದೆ. ನಿಧಾನ ಎಂದರೆ ಒಪ್ಪಬಹುದಿತ್ತು. ಎಲ್ಲರ ಮುಂದೆ ಹಾಗೆ ಹೇಳಬೇಕಿತ್ತೇ? ನಾನು ಹೆಂಗಸೆಂದು ಹಾಗಂದರೋ, ಹಟ್ಟಿಯವಳೆಂದೋ, ಡಿಗ್ರಿಯವಳೆಂದೋ? ಅಥವಾ ನಾನು ನಿಜಕ್ಕೂ ನಿಧಾನವಿದ್ದೆ, ಅಷ್ಟೇಯೋ? ನಾಲ್ಕರಲ್ಲಿ ಯಾವುದೆಂದು ತಿಳಿಯದೆ ನಾಲ್ಕಕ್ಕೂ ಸಿಟ್ಟು ಮಾಡಿಕೊಂಡೆ.

ಸಿಟ್ಟಿನಲ್ಲಿ ಒಂದು ಉಪಾಯ ಹೊಳೆಯಿತು. ಮಣ್ಣು ಗಟ್ಟಿ ಎಂಬುದು ತಾನೆ ತೊಂದರೆ? ನಾನು ಬರುವ ಹಿಂದಿನ ದಿನ ಮರದ ಪಾತಿಗೆ ನೀರು ಬಿಟ್ಟಿಡಿ ಎಂದು ತೋಟದವರಿಗೆ ಹೇಳಿಸಿದೆ. ಮಾರನೆಯ ದಿನ ಗುದ್ದಲಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ದಿನಕ್ಕೆ ಎರಡರಷ್ಟು ಮರ. ಇನ್ನೂ ಬೇಗ ಮಾಡಬೇಕೆಂದು, ಮಾರನೆಯ ದಿನ ಪೊಟ್ಟಣ ಕೆದಕಿ ನೋಡುವ ಕೆಲಸವನ್ನು ತೋಟದವರಿಗೇ ಬಿಟ್ಟು ನಾನು ಮುಂದಿನ ಹಳ್ಳಿಗೆ ಹೋಗತೊಡಗಿದೆ. ಕಿರಿಯರು ಈ ವಾಕ್ಯವನ್ನು ಇನ್ನೊಮ್ಮೆ ಓದಿ. ನನ್ನ ತಪ್ಪು ಇಲ್ಲಿಯೇ ಇದೆ, ಆದರೆ ಆಗ ಅದು ಚುರುಕುತನದ ಹಾಗೆ ಕಂಡಿತು.

ಎರಡನೆಯ ಸಭೆಯಲ್ಲಿ ವೀರಭದ್ರಯ್ಯನವರು ನನ್ನ ಸಂಖ್ಯೆ ನೋಡಿ ಹುಬ್ಬೇರಿಸಿದರು. ಹೇಗೆ ಮಾಡಿದಿರಿ ಎಂದರು. ಹೇಳಿದೆ. "ನೋಡ್ರಯ್ಯಾ, ಓದಿದ ತಲೆ ಅಂದ್ರೆ ಇದು! ಎಲ್ಲಾರೂ ಹೀಗೇ ಮಾಡಿ. ಹಿಂದಿನ ದಿನ ನೀರು ಬಿಡ್ಸಿ" ಎಂದು ಎಲ್ಲರಿಗೂ ಹೇಳಿದರು. ಗಂಗಾಧರ ನನ್ನ ಕಡೆ ತಿರುಗಿ ಕೈ ಮುಗಿದ. ಅವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಗಾಳಿಯೂ ತಂಪಾಗಿತ್ತು.

ಇದಾಗಿ ಎಂಟು ದಿನಕ್ಕೆ ಮೆಮೊ ಬಂತು. ಜವಾನ ಸಹಿ ಮಾಡಿಸಿಕೊಂಡು ಕೊಟ್ಟ. ಮೂರು ಅಂಶ. ಒಂದು, ಒಟ್ಟಾರೆ ಗುರಿ ತಲುಪಿಲ್ಲ. ಎರಡು, ಖುದ್ದು ಪರಿಶೀಲಿಸಿದಾಗ ನನ್ನ ಹಳ್ಳಿಗಳ ಬಹುಪಾಲು ಪೊಟ್ಟಣಗಳಲ್ಲಿ ಔಷಧ ಹಾಗೇ ಉಳಿದಿತ್ತು, ಮರ ಕುಡಿದಿರಲಿಲ್ಲ. ಮೂರು, ಬೆಳೆಗಾರರೊಂದಿಗೆ ಒರಟಾಗಿ ವರ್ತಿಸುತ್ತೇನೆಂದು ದೂರು. ಏಳು ದಿನದಲ್ಲಿ ಲಿಖಿತ ಸಮಜಾಯಿಷಿ ಕೊಡಬೇಕು. ಕೊಡದಿದ್ದರೆ, ಅಥವಾ ಕೊಟ್ಟದ್ದು ತೃಪ್ತಿಕರವಾಗಿರದಿದ್ದರೆ, ಅದನ್ನು ಪ್ರೊಬೇಷನ್ ವರದಿಯಲ್ಲಿ ಪರಿಗಣಿಸಲಾಗುವುದು.

ನಾನು ಓದಿದ್ದನ್ನೇ ಓದಿದೆ. ಒಂದು ವಾರದ ಹಿಂದೆ ಓದಿದ ತಲೆ, ಈ ವಾರ ಕೆಲಸಕ್ಕೆ ಬಾರದವಳು. ಬೇಗ ಮಾಡು ಎಂದರು, ಮಾಡಿದೆ. ಈಗ ಸರಿಯಾಗಿ ಮಾಡಿಲ್ಲ ಎನ್ನುತ್ತಾರೆ. ಅದರ ಜೊತೆಗೇ ನಿಧಾನ ಎಂದೂ ಅನ್ನುತ್ತಾರೆ. ಒಬ್ಬಳೇ ಹೆಂಗಸು ಹೆಚ್ಚು ಬೇಗವೂ ಹೆಚ್ಚು ನಿಧಾನವೂ ಆಗಿರಲು ಹೇಗೆ ಸಾಧ್ಯ?

ಅವತ್ತೇ ನಾಲ್ಕು ಪುಟದ ಉತ್ತರ ಬರೆದೆ. ಬೇರಿನ ರಚನೆ, ಮಣ್ಣಿನ ಗುಣ, ಸೋಮವಾರ, ಕುರಿಮಂದೆ, ಕೂಲಿಯವರು, ನಾನು ತೆಗೆದ ಅಂಕಗಳು, ಎಲ್ಲ ಇತ್ತು. ಗಂಗಾಧರನ ಸೋಮವಾರದ ಲೆಕ್ಕವನ್ನೂ ಹೆಸರು ಹೇಳದೆ ಸೇರಿಸಿದ್ದೆ. ಅವನು ಏನೋ ಫಾರಂ ಕೇಳಲು ಬಂದವನು ಅದನ್ನು ಕೈಗೆತ್ತಿಕೊಂಡು ಓದಿದ. ತನ್ನ ವಿಷಯ ಬಂದ ಕಡೆ ಕೆಮ್ಮಿದ, ಬೇಸರ ಮಾಡಿಕೊಳ್ಳಲಿಲ್ಲ.

"ಏನ್ರೀ ಇದು, ಪರೀಕ್ಷೆ ಬರೆದಂಗೆ ಬರ್ದಿದ್ದೀರಾ. ಮೆಮೊಗೆ ಉತ್ತರ ಅಂದ್ರೆ ಎರಡು ಸಾಲು ಕಣ್ರೀ. 'ಕೆಲಸದ ಒತ್ತಡದಿಂದ ಲೋಪವಾಗಿದೆ. ಮುಂದೆ ಹೀಗಾಗದಂತೆ ಎಚ್ಚರ ವಹಿಸುತ್ತೇನೆ.' ಸೈನ್ ಹಾಕಿ ಬಿಸಾಕಿ."

"ಯಾವ ಲೋಪ ಅಂತ ಗೊತ್ತಿಲ್ಲದೆ ಲೋಪ ಆಗಿದೆ ಅಂತ ಹೆಂಗೆ ಬರೀಲಿ?"

"ಗೊತ್ತಿದ್ರೆ ಬರೆಯೋಕೆ ಕಷ್ಟ ಆಗುತ್ತೆ. ಗೊತ್ತಿಲ್ದಿದ್ರೇನೆ ಸುಲಭ" ಎಂದ.

ಅವನು ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ತಿಳಿಯಲಿಲ್ಲ. ನಾಲ್ಕು ಪುಟವನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. ಕೊಡುವ ಮೊದಲು, ಒರಟಿ ಎಂದು ದೂರು ಕೊಟ್ಟವರು ಯಾರೆಂದು ತಿಳಿಯಬೇಕಿತ್ತು. ತಿಳಿಯುವುದು ಕಷ್ಟವೇನೂ ಆಗಲಿಲ್ಲ. ವೀರಭದ್ರಯ್ಯನವರು ಪರಿಶೀಲನೆಗೆ ಬಂದಾಗ ಕೆಂಪಮ್ಮಜ್ಜಿಯ ತೋಟದಲ್ಲಿ ಬಹಳ ಹೊತ್ತು ಕೂತಿದ್ದರೆಂದು ಊರಿಗೇ ಗೊತ್ತಿತ್ತು.

ಕೆಂಪಮ್ಮಜ್ಜಿ ಎಪ್ಪತ್ತು ದಾಟಿದ ವಿಧವೆ. ಇಬ್ಬರು ಗಂಡುಮಕ್ಕಳಿದ್ದರೂ ತೋಟದ ಯಜಮಾನಿಕೆ ಅವಳದೇ. ಹೋದಾಗ ತೆಂಗಿನ ಗರಿ ಸಿಗಿದು ಕಡ್ಡಿ ತೆಗೆಯುತ್ತಿದ್ದಳು.

"ಅಜ್ಜಿ, ನಾನು ಒರಟಿ ಅಂತ ಸಾಹೇಬ್ರಿಗೆ ಹೇಳಿದ್ದು ನೀವಾ?"

"ಊಂ ಕಣವ್ವ, ನಾನೇಯ. ಏನೀಗ?"

ಇಲ್ಲ ಎನ್ನುತ್ತಾಳೆ ಎಂದುಕೊಂಡು ಹೋಗಿದ್ದೆ.

"ಯಾಕಜ್ಜಿ? ನಾನೇನು ಮಾಡ್ದೆ?"

"ಅವ್ರು ಕೇಳುದ್ರು, ಆ ಹುಡ್ಗಿ ಎಂಗೆ ಅಂತ. ಬಾಯಿ ಜೋರು, ಆದ್ರೆ ಬುಡದಾಗೆ ಮಂಡಿ ಊರ್ಕಂಡು ಕುಂತ್ಕತಾಳೆ, ನನ್ನೆಲ್ಡು ಸೊಸೇರ್ಗಿಂತ ವಾಸಿ ಅಂದೆ. ಅದ್ನೂ ಬರ್ಕಂಡವ್ರಾ?"

"ಇಲ್ಲ. ಬಾಯಿ ಜೋರು ಅನ್ನೋದು ಮಾತ್ರ."

"ಅಂಗಾರೆ ಆವಯ್ಯಂಗೆ ಒಂದು ಕಿವಿ ಕೇಳಾಕಿಲ್ಲ, ಬುಡು" ಎಂದು ಮತ್ತೊಂದು ಗರಿ ಎಳೆದುಕೊಂಡಳು. "ಬಾಯಿ ಜೋರು ಅಂದಿದ್ದು ಸುಳ್ಳೇನಲ್ಲ ಕಣವ್ವ. ರಿಜಿಸ್ಟ್ರಿಗೆ ಬೇಕು ಅಂತ ಸತ್ತೋದ ನನ್ ಗಂಡನ್ ಹೆಸ್ರ ಮೂರು ಸಲ ಕೇಳ್ದೆ. ಮೂರ್ನೇ ಸಲ ಗದರ್ಕಂಡೆ. ನಾನು ಹೆಸ್ರು ಹೇಳಾಕಿಲ್ಲ ಅಂತ ನಿಂಗೆ ಗೊತ್ತಿಲ್ವಾ? ನಿಮ್ಮವ್ವ ಹೇಳ್ತಾಳಾ ನಿಮ್ಮಪ್ಪನ ಹೆಸ್ರ?"

ನಮ್ಮವ್ವ ಹೇಳುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದೆ, ಯಾಕೆಂದರೆ ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು.

ಹೊರಡಬೇಕೆಂದು ಎದ್ದೆ. ಅಜ್ಜಿ ತೋಟದ ಕಡೆ ಕೈ ತೋರಿಸಿ, "ಉಳ್ದಿರಾ ಮರುಕ್ಕೂ ನೀರು ಬುಟ್ಟಿವ್ನಿ, ನೋಡು ಬಾ. ನೀನು ಒಂದ್ ದಿನ ಬುಡು ಅಂದೆ, ನಾನು ಮೂರ್ ದಿನ ಬುಟ್ಟೆ" ಎಂದಳು.

"ಮೂರು ದಿನ ಯಾಕಜ್ಜಿ? ಅಗೆಯೋಕೆ ಒಂದು ದಿನ ಸಾಕು."

"ಅಗ್ಯಾಕಾ? ಬರೀ ಹೊಟ್ಟೇಗೆ ಯಾರಾನಾ ಔಸ್ದಿ ಕೊಟ್ಟಾರಾ? ಎಂಥಾ ಜ್ವರ ಬಂದ್ರೂ ಒಂದು ತುತ್ತು ಉಣ್ಣಿಸ್ಬುಟ್ಟು ಆಮೇಕೆ ಮಾತ್ರೆ ಕೊಡಾದು. ಮರುಕ್ಕೂ ಹೊಟ್ಟೆ ಇಲ್ವಾ? ಅದ್ಕೇ ನೀನು ನೀರು ಬುಡು ಅಂದಿದ್ದು ಅಂದ್ಕಂಡೆ. ಊರೋರ್ಗೆಲ್ಲಾ ಅಂಗೇ ಹೇಳಿವ್ನಿ, ವಸಿ ಚೆನ್ನಾಗೇ ಬುಡ್ರೋ ಅಂತ."

ಅವಳು ಅದನ್ನು ಎಷ್ಟು ಅಕ್ಕರೆಯಿಂದ ಹೇಳಿದಳೆಂದರೆ ನನಗೆ ಒಂದು ಕ್ಷಣ ಏನೂ ಅನ್ನಿಸಲಿಲ್ಲ. ಆಮೇಲೆ ಕಾಲಿನ ಕೆಳಗಿನ ಕೆಸರು ತಣ್ಣಗೆ ತಾಗಿತು. ಹೊಟ್ಟೆ ತುಂಬ ನೀರು ಕುಡಿದ ಮರ ಪೊಟ್ಟಣದ ಔಷಧವನ್ನು ಯಾಕೆ ಎಳೆದುಕೊಳ್ಳುತ್ತದೆ? ಬಾಯಾರಿದ ಬೇರು ತಾನೆ ಕುಡಿಯುವುದು? ಇದು ಎರಡನೆಯ ವರ್ಷದ ಬಿ.ಎಸ್ಸಿ. ಪಾಠ. ಆ ಪತ್ರಿಕೆಯಲ್ಲಿ ನಾನು ಕಾಲೇಜಿಗೇ ಮೊದಲು ಬಂದಿದ್ದೆ.

ಅಜ್ಜಿಗೆ ನಾನು ಏನು ಹೇಳಿದೆ? "ಯಾರು ಹೇಳಿದ್ರು ನಿಮಗೆ ಇಷ್ಟೊಂದು ನೀರು ಬಿಡೋಕೆ?" ಎಂದು ಗದರಿದೆ. ಅವಳು ಕಡ್ಡಿ ಎಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ನೀನೇ ಕಣವ್ವ" ಎಂದಳು.

ಆ ತೋಟದ ಬೇಲಿ ಕಡೆಯ ಒಂದು ಸಾಲು ಸ್ವಲ್ಪ ಎತ್ತರದಲ್ಲಿತ್ತು. ಅಲ್ಲಿಗೆ ಮೋಟರಿನ ನೀರು ಹತ್ತಿರಲಿಲ್ಲ. ಅವತ್ತೇ ಆ ಒಣ ಸಾಲಿನಲ್ಲಿ ಆರು ಮರ, ಒದ್ದೆ ಸಾಲಿನಲ್ಲಿ ಆರು ಮರಕ್ಕೆ ಔಷಧ ಕಟ್ಟಿದೆ. ಒಣ ಸಾಲು ಅಗೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಒಂದೊಂದೇ ಕೆದಕಿದೆ. ಒಣ ಸಾಲಿನಲ್ಲಿ ಐದು ಪೊಟ್ಟಣ ಖಾಲಿ. ಒದ್ದೆ ಸಾಲಿನಲ್ಲಿ ನಾಲ್ಕರಲ್ಲಿ ಔಷಧ ಹಾಗೇ ಇತ್ತು. ಆದರೆ ಒದ್ದೆ ಬುಡದ ಎರಡು ಮರ ಪೂರ್ತಿ ಕುಡಿದಿದ್ದವು, ಒಣ ಬುಡದ ಒಂದು ಮರ ತೊಟ್ಟೂ ಮುಟ್ಟಿರಲಿಲ್ಲ. ಬೇರು ಚೆನ್ನಾಗಿತ್ತು, ಕತ್ತರಿಸಿದ್ದೂ ಸರಿಯಾಗಿತ್ತು. ಯಾಕೆಂದು ನನಗೆ ಹೊಳೆಯಲಿಲ್ಲ.

"ಅದು ಮದ್ಲಿಂದ್ಲೂ ಅಂಗೇಯ" ಎಂದಳು ಅಜ್ಜಿ. "ಯಾರ್ ಮಾತ್ನೂ ಕೇಳಾಕಿಲ್ಲ."

ನಾಲ್ಕು ಪುಟವನ್ನು ಹರಿದು ಹಾಕಿದೆ. ಹೊಸ ಉತ್ತರ ಅರ್ಧ ಪುಟವೂ ಆಗಲಿಲ್ಲ. ಮೊದಲ ಅಂಶ: ಗುರಿ ತಲುಪಿಲ್ಲ, ನಿಜ, ಆದರೆ ಆ ಗುರಿ ಈ ಮಣ್ಣಿಗೆ ಸರಿಯಾದದ್ದೇ ಎಂಬುದು ನನಗೆ ತಿಳಿದಿಲ್ಲ. ಎರಡನೆಯ ಅಂಶ: ಬೇಗ ಅಗೆಯಲೆಂದು ಹಿಂದಿನ ದಿನ ನೀರು ಬಿಡಿಸಿದ್ದು ನಾನು. ಮಾರನೆಯ ದಿನ ಹೋಗಿ ಪೊಟ್ಟಣ ನೋಡದೆ ಬಿಟ್ಟವಳೂ ನಾನು. ಒದ್ದೆ ಬುಡದ ಹೆಚ್ಚಿನ ಮರಗಳು ಔಷಧ ಕುಡಿದಿಲ್ಲ. ತಪ್ಪು ನನ್ನದು, ನೀರು ಬಿಡುವುದನ್ನು ತಾಲ್ಲೂಕಿನಾದ್ಯಂತ ಕೂಡಲೇ ನಿಲ್ಲಿಸಬೇಕು. ಮೂರನೆಯ ಅಂಶ: ಮಾತು ಜೋರಾಗಿರುವುದು ನಿಜ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ವೀರಭದ್ರಯ್ಯನವರು ಒಬ್ಬರೇ ಇದ್ದರು. ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದವರು ಅವತ್ತು ಏಕವಚನಕ್ಕೆ ಇಳಿದರು. ಅದು ಸಿಟ್ಟೋ ಸಲುಗೆಯೋ ನನಗೆ ಗೊತ್ತಾಗಲಿಲ್ಲ.

"ನೀರು ಬಿಡ್ಸಿ ಅಂತ ಎಲ್ಲಾರ್ಗೂ ಹೇಳಿದ್ದು ಯಾರು?"

"ನೀವು ಸಾರ್. ನಾನು ಸಭೇಲಿ ಹೇಳಿದ್ದನ್ನ ಕೇಳ್ಕೊಂಡು."

"ಇದನ್ನ ಫೈಲಿಗೆ ಹಾಕಿದ್ರೆ ಮೇಲಿನೋರು ನಿನ್ನ ಕೇಳಲ್ಲ. ನನ್ನ ಕೇಳ್ತಾರೆ. ಮೂವತ್ತು ವರ್ಷ ತೋಟ ಸುತ್ತಿದೋನು, ನಿಂಗೆ ಇಷ್ಟೂ ಗೊತ್ತಿರ್ಲಿಲ್ವಾ ಅಂತಾರೆ." ಕನ್ನಡಕ ತೆಗೆದಿಟ್ಟು, "ಗೊತ್ತಿತ್ತು ಕಣಮ್ಮ. ಸಂಖ್ಯೆ ನೋಡ್ತಾ ನೋಡ್ತಾ ಮರ್ತೋಯ್ತು" ಎಂದರು.

ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು.

"ಒಂದು ಕೆಲ್ಸ ಮಾಡು. ಎರಡು ಸಾಲು ಬರ್ಕೊಡು. ಕೆಲಸದ ಒತ್ತಡ, ಲೋಪ, ಮುಂದೆ ಎಚ್ಚರ. ನಾನು ತೃಪ್ತಿಕರ ಅಂತ ಬರೀತೀನಿ. ನಿನ್ನ ಪ್ರೊಬೇಷನ್ನೂ ಆಗುತ್ತೆ."

"ಉಳಿದೋರ ಹಳ್ಳೀಲಿ ಈಗಲೂ ನೀರು ಬಿಡ್ತಾ ಇದ್ದಾರೆ ಸಾರ್."

"ಅದನ್ನ ನಾಳೇನೇ ನಿಲ್ಲಿಸ್ತೀನಿ. ಕಾಗದ ಬೇರೆ, ಮರ ಬೇರೆ."

ಈಗ ಯೋಚಿಸಿದರೆ ಅವರು ಹೇಳಿದ್ದರಲ್ಲಿ ನ್ಯಾಯವಿತ್ತು ಎನ್ನಿಸುತ್ತದೆ. ಮರಗಳು ಉಳಿಯುತ್ತಿದ್ದವು, ನನ್ನ ಕೆಲಸ ಉಳಿಯುತ್ತಿತ್ತು, ಅವರ ಮಾನವೂ ಉಳಿಯುತ್ತಿತ್ತು. ಆದರೆ ಅವತ್ತು ನನಗೆ ಕೇಳಿಸಿದ್ದು ಒಂದೇ: ನೀನು ಕಷ್ಟಪಟ್ಟು ಕಂಡುಕೊಂಡದ್ದನ್ನು ಅಳಿಸಿಹಾಕು. ಓದಿದವಳ ಸೊಕ್ಕು ಅದು. ಪ್ರಾಮಾಣಿಕತೆ ಎಂದು ಆಗ ಹೆಸರಿಟ್ಟುಕೊಂಡಿದ್ದೆ. ಎರಡೂ ಇದ್ದಿರಬಹುದು.

"ಇದನ್ನೇ ಕೊಡ್ತೀನಿ ಸಾರ್. ಬೇರೆ ಬರೆಯೋಕೆ ನಂಗೆ ಬರಲ್ಲ."

ಅವರು ಕಾಗದವನ್ನು ದಾಖಲಿಸಿಕೊಳ್ಳುವ ಆವಕ ಗುಮಾಸ್ತರಿಗೆ ಕಳಿಸದೆ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಸ್ವೀಕೃತಿ ಕೇಳುವ ಧೈರ್ಯ ನನಗಾಗಲಿಲ್ಲ.

ಭಾನುವಾರ ಹಟ್ಟಿಗೆ ಹೋಗಿ ಅಪ್ಪನಿಗೆ ಕೆಲಸ ಹೋಗಬಹುದು ಎಂದೆ. ಅಪ್ಪ ಬೀಡಿ ತುದಿ ಚಿವುಟುತ್ತಾ, "ಕುರಿ ಇನ್ನೂ ಅವೆ, ಬಾ" ಎಂದ. ಸಮಾಧಾನಕ್ಕೆಂದೇ ಹೇಳಿದ್ದ. ನಾನು ಕೊಟ್ಟಿಗೆ ಹಿಂದೆ ಹೋಗಿ ಅತ್ತೆ.

ಸೋಮವಾರ ಸಂಜೆ ಚಿಕ್ಕನಾಯಕನಹಳ್ಳಿ ಬಸ್ ನಿಲ್ದಾಣದಲ್ಲಿ ಗಂಗಾಧರ ಸಿಕ್ಕಿದ. ಅವನ ಮುಖದಲ್ಲಿ ಎಂದಿನ ನಗೆ ಇರಲಿಲ್ಲ. "ಮೂರು ದಿನದಿಂದ ಸಾಹೇಬ್ರು ಸ್ಕೂಟರ್ ಹಾಕ್ಕೊಂಡು ಹೋಬಳಿ ಹೋಬಳಿ ಸುತ್ತುತಾ ಇದ್ದಾರೆ ಕಣ್ರೀ. ಇವತ್ತು ನನ್ನ ಹಳ್ಳೀಗೂ ಬಂದಿದ್ರು. ಊರೋರ್ನೆಲ್ಲ ಕಟ್ಟೆ ಮೇಲೆ ಕೂರಿಸ್ಕೊಂಡು, 'ನೀರು ಬಿಡಿ ಅಂದಿದ್ದು ನನ್ನ ತಪ್ಪು, ಕ್ಷಮಿಸ್ಬೇಕು. ಒಣ ಬುಡದಲ್ಲೇ ಕೊಡಿಸ್ತೀವಿ' ಅಂದ್ರು. ನನ್ನ ಮುಂದೇನೆ! ಅಧಿಕಾರಿ ಆದೋರು ಹಂಗಂತಾರಾ?"

"ನನ್ನ ಹೆಸರು ಹೇಳಿದ್ರಾ?"

"ನಿಮ್ಮ ಹೆಸ್ರು ಯಾಕೆ ಬರುತ್ತೆ?"

ನಾನು ಬಸ್ಸು ಹತ್ತಲಿಲ್ಲ. ಅಲ್ಲಿಯವರೆಗೆ ನನಗೊಂದು ಲೆಕ್ಕವಿತ್ತು: ಅವರು ತಪ್ಪು ಮುಚ್ಚಿಡುವವರು, ನಾನು ಒಪ್ಪಿಕೊಂಡವಳು. ಆ ಲೆಕ್ಕ ತಲೆಕೆಳಗಾಯಿತು. ಅವರು ಕಾಗದದ ಮೇಲೆ ಹೇಳಲು ಹೆದರಿದ್ದನ್ನು ಕಟ್ಟೆಯ ಮೇಲೆ ಊರವರೆದುರು ಹೇಳಿದ್ದರು. ನಾನು ಕಾಗದದ ಮೇಲೆ ಧೈರ್ಯವಾಗಿ ಬರೆದಿದ್ದೆ. ಆದರೆ ಬರೆಯುವ ಹಿಂದಿನ ದಿನವೇ ಕೆಂಪಮ್ಮಜ್ಜಿಗೆ ಗದರಿದ್ದೆ. ಇಬ್ಬರಲ್ಲಿ ತಪ್ಪು ಒಪ್ಪಿಕೊಂಡವರು ಯಾರು?

ಮಂಗಳವಾರ ಅಜ್ಜಿಯ ತೋಟಕ್ಕೆ ಹೋದೆ. "ಅಜ್ಜಿ, ನೀರು ಬಿಡಿ ಅಂದಿದ್ದು ನನ್ನ ತಪ್ಪು" ಎಂದೆ. ಮೆಮೊಗೆ ಬರೆದ ಅರ್ಧ ಪುಟಕ್ಕಿಂತ ಈ ಒಂದು ಮಾತು ಬಾಯಿಂದ ಬರುವುದು ಕಷ್ಟವಾಯಿತು. ಅಜ್ಜಿ, "ಅದ್ಯಾಕೆ ಇಷ್ಟು ಮೆತ್ತಗೆ ಮಾತಾಡ್ತೀಯಾ, ಮೈಗೆ ಉಷಾರಿಲ್ವಾ?" ಎಂದಳು. ಒಣ ಬುಡ ಅಗೆಯಲು ಅವಳ ಇಬ್ಬರು ಸೊಸೆಯರೂ ಬಂದರು. ಬೇರು ಹುಡುಕುವುದನ್ನು ಅವರಿಗೆ ಕಲಿಸಿದೆ. ಎರಡು ದಿನದಲ್ಲಿ ನನಗಿಂತ ಬೇಗ ಹುಡುಕತೊಡಗಿದರು. ಕೂಲಿಯವರಿಗೂ ಕಲಿಸಿದೆ. ಇದನ್ನು ಮೊದಲ ದಿನವೇ ಮಾಡಿದ್ದರೆ ನಿಧಾನ ಎಂಬ ಮಾತೇ ಬರುತ್ತಿರಲಿಲ್ಲವೇನೋ. ಅಂದರೆ ಮೊದಲ ಅಂಶವೂ ಸರಿಯಾಗಿಯೇ ಇತ್ತೇ? ಹಾಗೆನ್ನಲು ಈಗಲೂ ಬಾಯಿ ಪೂರ್ತಿ ಬರುವುದಿಲ್ಲ. ಆ ಗುರಿ ಹೆಚ್ಚೇ ಆಗಿತ್ತು.

ಆರು ವಾರದ ಕೆಲಸ ಒಂಬತ್ತು ವಾರಕ್ಕೆ ಮುಗಿಯಿತು. ಮುಂದಿನ ಮಳೆಗಾಲದಲ್ಲಿ ನುಸಿ ಸ್ವಲ್ಪ ಕಡಿಮೆಯಾಯಿತು. ಅದು ಔಷಧದಿಂದಲೋ, ಮಳೆಯಿಂದಲೋ, ತಾನಾಗಿಯೇ ತಗ್ಗಿತೋ, ನನ್ನನ್ನು ಕೇಳಬೇಡಿ. ಕೆಲವು ವರ್ಷದ ಮೇಲೆ ಆ ಔಷಧವನ್ನೇ ಕೈಬಿಟ್ಟು ಬೇವಿನ ಹಿಂಡಿ ಹಾಕಿ, ಗೊಬ್ಬರ ಕೊಡಿ, ನೀರು ಚೆನ್ನಾಗಿ ಬಿಡಿ ಎಂದು ಹೇಳಲು ನಮ್ಮನ್ನೇ ಕಳಿಸಿದರು. ಕೆಂಪಮ್ಮಜ್ಜಿ ಇದ್ದಿದ್ದರೆ ನಗುತ್ತಿದ್ದಳು. ಈಗಿನವರು ಮರದ ಬುಡದಲ್ಲಿ ನಿಂತು ಫೋನಿನಲ್ಲಿ ಫೋಟೊ ತೆಗೆದು ಕಳಿಸಿದರೆ ಪ್ರಗತಿ ವರದಿ ಆಗುತ್ತದಂತೆ. ಮಣ್ಣು ಒದ್ದೆಯೋ ಒಣವೋ ಫೋಟೊದಲ್ಲಿ ಕಾಣುತ್ತದೆಯೇ ಎಂದು ನನಗೆ ಗೊತ್ತಿಲ್ಲ.

ನನ್ನ ಪ್ರೊಬೇಷನ್ ಆದೇಶ ಸರಿಯಾದ ಸಮಯಕ್ಕೆ ಬಂತು. ತೃಪ್ತಿಕರ ಎಂದಿತ್ತು. ವೀರಭದ್ರಯ್ಯನವರು ನನ್ನ ಸಮಜಾಯಿಷಿಯ ಬಗ್ಗೆ ಒಂದು ದಿನವೂ ಮಾತೆತ್ತಲಿಲ್ಲ. ಅದನ್ನು ಮೇಲಕ್ಕೆ ಕಳಿಸಿದರೋ, ಹರಿದರೋ, ಡ್ರಾಯರಿನಲ್ಲೇ ಬಿಟ್ಟರೋ ತಿಳಿಯಲಿಲ್ಲ. ಅವರ ಬೀಳ್ಕೊಡುಗೆಯ ದಿನ ಕೇಳಬೇಕೆಂದು ಹತ್ತಿರ ಹೋದೆ. ಹಾರದ ಹೂವು ಕಿತ್ತು ಯಾರದೋ ಮೊಮ್ಮಗುವಿಗೆ ಕೊಡುತ್ತಿದ್ದರು. ನನ್ನನ್ನು ನೋಡಿ, "ಏನಮ್ಮ, ಜಾತಕ ಎಲ್ಲ ಬರೆದಾಯ್ತಾ?" ಎಂದರು. ನಕ್ಕೆ. ಕೇಳಲಾಗಲಿಲ್ಲ. ಈಗ ಅವರಿಲ್ಲ.

ನಾನು ನಿವೃತ್ತಳಾಗುವ ವರ್ಷ ಪಿಂಚಣಿ ಕಾಗದಗಳಿಗಾಗಿ ನನ್ನ ಹಳೆಯ ಕಡತವನ್ನೆಲ್ಲ ಹೊರಗೆ ತೆಗೆದರು. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕ ಒಬ್ಬ ಅಚ್ಚುಕಟ್ಟಿನ ಯುವಕ. ಪುಟಗಳಿಗೆ ನಂಬರ್ ಹಾಕುತ್ತಾ ಒಂದು ಕಡೆ ನಿಂತ.

"ಮೇಡಂ, ಇಲ್ಲೊಂದು ಮೆಮೊ ಇದೆ. ಅದರ ಕೆಳಗೆ 'ಸಮಜಾಯಿಷಿ ಓದಿದೆ. ತೃಪ್ತಿಕರ. ಮುಕ್ತಾಯಗೊಳಿಸಿದೆ' ಅಂತ ಆಗಿನ ಸಾಹೇಬ್ರ ಸಹಿ ಇದೆ. ಆದ್ರೆ ಸಮಜಾಯಿಷಿಯೇ ಇಲ್ವಲ್ಲ. ಆಡಿಟ್‌ನೋರು ಕೇಳ್ತಾರೆ."

ಆ ಅಕ್ಷರವನ್ನು ಬಹಳ ಹೊತ್ತು ನೋಡಿದೆ. ಓದಿದೆ ಎಂದು ಬರೆದಿದ್ದರು. ಲೋಪ ಎಂಬ ಮಾತನ್ನು ಎಲ್ಲೂ ಬರೆದಿರಲಿಲ್ಲ.

"ಈಗ ಏನು ಮಾಡಬೇಕಪ್ಪ?"

"ಒಂದು ಪ್ರತಿ ಬರ್ಕೊಡಿ ಮೇಡಂ. ಜ್ಞಾಪಕ ಇರೋಷ್ಟು."

ಒಂದು ಹಾಳೆ ಕೊಟ್ಟ. ನನ್ನ ಪಿಂಚಣಿ ಆ ಹಾಳೆಗೆ ಕಾಯುತ್ತಿತ್ತು. ಎರಡನೆಯ ಅಂಶವನ್ನು ಮೊದಲು ಬರೆದೆ, ಅದರಲ್ಲಿ ಅನುಮಾನವಿರಲಿಲ್ಲ. ಮೂರನೆಯದಕ್ಕೆ ಹೌದು ಎಂದು ಬರೆದೆ. ಮೊದಲ ಅಂಶಕ್ಕೆ ಬಂದು ಪೆನ್ನು ನಿಂತಿತು. ಬಡ್ತಿ ಬಂದ ಮೇಲೆ ಇತರರಿಗೆ ನಾನೇ ಎಷ್ಟೋ ಮೆಮೊ ಕೊಟ್ಟಿದ್ದೇನೆ, ಎಷ್ಟೋ ಉತ್ತರ ಓದಿದ್ದೇನೆ. ನಿಧಾನ ಎಂದು ಬೇರೆಯವರಿಗೆ ಬರೆಯುವಾಗ ಒಂದು ದಿನವೂ ಪೆನ್ನು ಹೀಗೆ ನಿಂತಿರಲಿಲ್ಲ. ಕೊನೆಗೆ 'ಈ ಅಂಶ ನನಗೆ ಈಗಲೂ ಸ್ಪಷ್ಟವಾಗಿಲ್ಲ' ಎಂದು ಬರೆದು ಸಹಿ ಹಾಕಿದೆ.

ಯುವಕ ಓದಿ ಗಾಬರಿಯಾದ.

"ಮೇಡಂ, ಸ್ಪಷ್ಟವಾಗಿಲ್ಲ ಅಂತ ಬರೆದ್ರೆ ಹೇಗೆ? ಇದನ್ನ ಯಾರು ಒಪ್ತಾರೆ?"

"ಆ ಮೆಮೊದ ಕೆಳಗೆ ನೋಡಪ್ಪ. ಅವರು ಆಗಲೇ ಒಪ್ಪಿದ್ದಾರೆ" ಎಂದೆ.